ಶೇಖರನ ಹೆಸರಿನಲ್ಲಿ ರೇಡಿಯೋ ಮಾತು

ಈ ಗುಂಪಿನ ಓದುಗ ಬಂಧುಗಳಿಗೆ ನಮಸ್ಕಾರ. ನಾನು ಶಾಲೆ ಕಲಿತದ್ದು ತಡವಾಗಿ. ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಆಗಿನ ದಿನಗಳಲ್ಲಿ ನಮ್ಮ ಗುಡೂರಿನಲ್ಲಿ ಎಲ್ಲರ ಕೈಯಲ್ಲೂ ಮೊಬೈಲ್ ಇರಲಿಲ್ಲ. ನನ್ನ ಗೆಳೆಯ ಶೇಖರನ ಅಪ್ಪ ಬಸಪ್ಪ ಕಾಕಾ ಕಲ್ಲಿನ ಲಾರಿ ಓಡಿಸುತ್ತಿದ್ದರು. ದಾರಿಯಲ್ಲಿ ಕೆಟ್ಟರೆ ತಿಳಿಸಲೆಂದು ಮಾಲೀಕರು ಲಾರಿಗೊಂದು, ಕಾಕಾನ ಮನೆಗೊಂದು, ಎರಡೂ ಕಡೆಯಿಂದ ಮಾತಾಡುವ ಸಿಬಿ ರೇಡಿಯೋ ಕೊಡಿಸಿದ್ದರು. ಪಕ್ಕದಲ್ಲೇ ಮೌಲಾ ಕಾಕಾನ ಗ್ಯಾರೇಜು. ಮನೆಯಲ್ಲಿ ಕೇಳಿದವರು ಓಡಿಹೋಗಿ ಅವರಿಗೆ ಹೇಳಬೇಕು. ಮೈಕಿನ ಬಟನ್ ಒತ್ತಿ ಮಾತಾಡಬೇಕು, ಬಿಟ್ಟು ಕೇಳಬೇಕು. ಒತ್ತಿ ಹಿಡಿದಷ್ಟು ಹೊತ್ತು ಆ ಕಡೆಯ ಮಾತು ಬರುವುದಿಲ್ಲ.

ಬೇಸಿಗೆ ಸೂಟಿಯಲ್ಲಿ ಶೇಖರ ಆ ಪೆಟ್ಟಿಗೆಯ ಮುಂದೆ ಸಾಹೇಬನಂತೆ ಕೂತಿರುತ್ತಿದ್ದ. ನಾನು ಶಾಲೆ ಬಿಟ್ಟು, ಗಂಜಿ ಹಾಕಿದ ನೂಲಿನ ವಾಸನೆಯಲ್ಲಿ ಅಪ್ಪನ ಮಗ್ಗಕ್ಕೆ ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ನನ್ನ ಅಪ್ಪ ಎರಡು ಮಾರು ದೂರದಲ್ಲೇ ಮಗ್ಗದ ಕುಣಿಯಲ್ಲಿ ಕೂತಿದ್ದರೂ ಇಡೀ ದಿನ ಆಡುತ್ತಿದ್ದುದು ಒಂದೇ ಮಾತು: "ನೂಲು ಹರೀತು ನೋಡು, ಕಣ್ಣಿಲ್ಲೇನು?"

ಶೇಖರನ ಅಪ್ಪನೋ, ಊರಾಚೆಯ ರಸ್ತೆಯಿಂದ ಕೇಳುತ್ತಿದ್ದರು: "ಶೇಖ್ಯಾ, ರೊಟ್ಟಿ ತಿಂದೀ? ಯಾವ ಚಟ್ನಿ ಮಾಡ್ಯಾಳ ನಿಮ್ಮವ್ವ?"

"ಶೇಂಗಾ ಚಟ್ನಿ ಅಪ್ಪಾ," ಅನ್ನುವಾಗ ಶೇಖರ ಬೇಕಂತಲೇ ನನ್ನ ಕಡೆ ನೋಡುತ್ತಿದ್ದ. ನಾನು ಗೋಗರೆಯುತ್ತಿದ್ದೆ:

"ನಾನೂ ಒಂದ್ಸಲ ಮಾತಾಡ್ತೇನ್ಲೇ."

"ನಿಮ್ಮಪ್ಪ ಮನ್ಯಾಗ ಕುಂತಾನಲ್ಲ, ಅವನ ಕೂಡ ಮಾತಾಡು ಹೋಗ!"

ಒಂದು ಮಧ್ಯಾಹ್ನ ಅವರವ್ವ ಹೊಲಕ್ಕೆ ಹೋಗಿದ್ದರು. ಶೇಖರ ಜೋಳ ಹೊತ್ತು ಗಿರಣಿಗೆ ಹೊರಟ. "ಇಲ್ಲೇ ಕುಂತಿರು. ಏನರೆ ಸುದ್ದಿ ಬಂದ್ರ ಮೌಲಾ ಕಾಕಾಗ ಹೇಳು. ಬಟನ್ ಮುಟ್ಟೀ ಅಂದ್ರ ನೋಡು ಮತ್ತ!"

ಅವನು ಓಣಿ ದಾಟಿದ್ದೇ ತಡ, ಒತ್ತಿದೆ.

"ಅಪ್ಪಾ, ನಾ ಶೇಖರ. ರೊಟ್ಟಿ ತಿಂದೆ. ಇವತ್ತ ಅಗಸಿ ಚಟ್ನಿ. ಲಗೂನ ಬಾ ಅಪ್ಪಾ..."

ಹೇಳುತ್ತಲೇ ಹೋದೆ. ಬಿಡಲು ಮನಸ್ಸೇ ಬರಲಿಲ್ಲ. ಹೆಬ್ಬೆರಳು ಸೋತು ಬಟನ್ ಬಿಟ್ಟಾಗ, ಲಾರಿಯ ಕ್ಲೀನರ್ ಹನಮನ ಕೂಗು ಸಿಡಿಯಿತು:

"ಶೇಖ್ಯಾ, ಬಟನ್ ಬಿಡ್ಲೇ! ಜ್ಯಾಕ್ ಜಾರಿ ನಿಮ್ಮಪ್ಪನ ಕೈ ಗಾಲಿ ಕೆಳಗ ಸಿಕ್ಕೈತಿ! ಇಳಕಲ್ ದಾರಿ, ಹಳ್ಳದ ಹಂತ್ಯಾಕ! ಮೌಲಾ ಕಾಕಾನ ಕಳಸು!"

ಎದ್ದುಬಿದ್ದು ಓಡಿ ಹೇಳಿದೆ.

ನಾಲ್ಕು ದಿನದ ಮೇಲೆ ಬಸಪ್ಪ ಕಾಕಾ ದವಾಖಾನೆಯಿಂದ ಬಂದರು. ಎರಡು ಬೆರಳು ಹೋಗಿದ್ದವು. ಬಂದವರೇ ಇನ್ನೊಂದು ಕೈಯಿಂದ ಶೇಖರನ ಕೆನ್ನೆಗೆ ಬಾರಿಸಿದರು. "ನಾವು ಅಲ್ಲಿ ಒದರಾಕತ್ತೇವಿ, ನೀ ಚಟ್ನಿ ಪುರಾಣ ಹಚ್ಚೀದಿ? ಈ ಹುಡುಗ ಓಡಿ ಹೋಗಿ ಹೇಳಿದ್ದಕ್ಕ ಉಳದೇನಿ!"

ಶೇಖರ ನನ್ನನ್ನೇ ನೋಡಿದ. ನಾನು ನೆಲ ನೋಡಿದೆ. ಅವನು ನನ್ನ ಹೆಸರು ಹೇಳಲಿಲ್ಲ. ಯಾಕೋ, ಇವತ್ತಿಗೂ ಕೇಳಿಲ್ಲ. ಸ್ವಲ್ಪ ಹೊತ್ತಿಗೆ ಕಾಕಾ ತಾವೇ ಅಳುತ್ತ ಅವನನ್ನು ಎದೆಗವಚಿಕೊಂಡರು. ಖರೆ ಹೇಳುತ್ತೇನೆ, ತಪ್ಪು ನನ್ನದಾಗಿದ್ದರೂ ಆಗ ನನಗೆ ಬಂದದ್ದು ಹೊಟ್ಟೆಕಿಚ್ಚೇ. ಆ ಏಟು ನನಗೇ ಬಿದ್ದಿದ್ದರೆ ಆ ಅಪ್ಪುಗೆಯೂ ನನಗೇ ಸಿಗುತ್ತಿತ್ತೇನೋ.

ಕಾಕಾ ಈಗಿಲ್ಲ. ನನ್ನ ಅಪ್ಪನೂ ಇಲ್ಲ. ಶೇಖರ ಬಾದಾಮಿಯಲ್ಲಿ ಕೆಟ್ಟ ಗಾಡಿ ಎಳೆಯುವ ಕ್ರೇನ್ ಇಟ್ಟಿದ್ದಾನೆ. ಗುಡ್ಡದ ತಿರುವಿನಲ್ಲಿ ಫೋನ್ ಹತ್ತದ ಕಡೆಗೆಂದು ಇವತ್ತಿಗೂ ಸಿಬಿ ರೇಡಿಯೋ ಬಳಸುತ್ತಾನೆ. ಮನೆಯ ಸೆಟ್ಟಿನ ಮುಂದೆ ಅವನ ಮಗ. ನೋಡಿದರೆ ಈಗಲೂ ಉರಿಯುತ್ತದೆ. ಎದುರು ಸಿಕ್ಕರೆ ಶೇಖರ ಚಹಾ ಕುಡಿಸುತ್ತಾನೆ, ನಗುತ್ತಾನೆ. ಆದರೆ ಆ ಬೇಸಿಗೆಯ ನಂತರ ಮನೆಯಲ್ಲಿ ನನ್ನೊಬ್ಬನನ್ನೇ ಬಿಟ್ಟು ಎಲ್ಲೂ ಹೋಗಿಲ್ಲ.

ಇನ್ನೊಬ್ಬರ ಅಪ್ಪನನ್ನು ನೀವೂ ಬಯಸಿದ್ದುಂಟೇ? ಇದ್ದರೆ ಸಂಕೋಚ ಬಿಟ್ಟು ಕೆಳಗೆ ಬರೆಯಿರಿ. ಶೇಖರನೂ ಈ ಗುಂಪಿನಲ್ಲಿದ್ದಾನೆ, ಓದುತ್ತಾನೆ.