ಒಗೆಯುವ ಕಲ್ಲಿನ ಒಂಬತ್ತು ಸಾಲು

ನಾನು ಎಂಟನೇ ಇಯತ್ತೆಗೇ ಶಾಲೆ ಬಿಟ್ಟೆ. ಮನೆಗಳಿಗೆ ಗ್ರಾನೈಟ್ ಕೂಡಿಸುತ್ತೇನೆ. ಅಣ್ಣ ಧಾರವಾಡದಲ್ಲಿ ಇತಿಹಾಸದ ಎಂ.ಎ. ಮಾಡಿದ. ಅದನ್ನು ಓದಿದರೆ ಕಾಲೇಜು, ಮ್ಯೂಸಿಯಂ, ಕೆ.ಎ.ಎಸ್. ಎಂದು ಬೆರಳು ಮಡಚುತ್ತಿದ್ದ. ಮೂರು ವರ್ಷವಾದರೂ ಒಂದು ನೌಕರಿಯೂ ಸಿಗಲಿಲ್ಲ. ನನ್ನ ದುಡಿಮೆಯ ಅನ್ನ ಉಂಡು, ನನ್ನ ಬಟ್ಟೆಯ ಧೂಳಿಗೆ ಮೂಗು ಮುಚ್ಚುತ್ತಿದ್ದ.

ಕೊನೆಗೆ ಅವನಿಗೆ ಎಂ.ಎ. ಕಲಿಸಿದ ಸರ್, ಯಾರೂ ಓದದ ಒಂದು ಶಾಸನ ಹುಡುಕಿ ತಂದರೆ ಪಿಎಚ್.ಡಿ.ಗೆ ತಗೊಳ್ಳುತ್ತೇನೆ ಎಂದರು. ಇವನು ಊರೂರು ತಿರುಗಿದ. ಸಿಕ್ಕಿದ್ದು ನನಗೆ. ಕೆಲಸಕ್ಕೆ ಹೋಗಿದ್ದ ಮಾಳಮಡ್ಡಿಯ ಹಳೇ ಮನೆಯೊಂದರ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲನ್ನು ಹೊರಳಿಸಿದೆ. ಅಡಿಯಲ್ಲಿ ಹಳೇ ಅಕ್ಷರ, ಒಂಬತ್ತು ಸಾಲು. ಅಕ್ಷರದ ಮೇಲೆ ಅಲ್ಲಲ್ಲಿ ಸುಣ್ಣ ಮೆತ್ತಿತ್ತು. ಅಣ್ಣನಿಗೆ ಫೋನ್ ಮಾಡಿದೆ.

"ನಾಳೆ ಸರ್‍ನ ಕರಕೊಂಡು ಬರ್ತೇನಿ" ಎಂದು ಇಟ್ಟುಬಿಟ್ಟ. ಛಲೋ ಆತು ಎಂದೂ ಅನ್ನಲಿಲ್ಲ.

ಹೊಲಸು ಕಲ್ಲು ತೋರಿಸಿದ ಎಂದು ಅವನ ಸರ್ ಎದುರು ಅನ್ನಿಸಿಕೊಳ್ಳುವುದು ಬೇಡವಾಗಿತ್ತು. ಗ್ರೈಂಡರಿಗೆ ಪಾಲಿಶ್ ಡಿಸ್ಕ್ ಹಾಕಿ ತಿಕ್ಕಿದೆ. ಸುಣ್ಣ ಹೋಯಿತು. ನೀರು ಹೊಯ್ದು ನೋಡಿದರೆ ಎರಡೇ ಸಾಲು ಉಳಿದಿದ್ದವು.

ಮರುದಿನ ಸರ್ ಜೊತೆ ಬಂದ ಅಣ್ಣ ಕಲ್ಲು ನೋಡಿದವನೇ ನನ್ನ ಕಡೆ ತಿರುಗಿದ.

"ಲೇ, ಯಾರನ್ನ ಕೇಳಿ ಮಷಿನ್ ಹಚ್ಚಿದಿ?"

"ನೀ ಮುಟ್ಟಬ್ಯಾಡ ಅಂತ ಹೇಳಿದ್ದೇನು?"

"ಅದನ್ನೂ ಹೇಳಬೇಕೇನಲೇ ಕತ್ತೆ!"

"ಈ ಕತ್ತೆ ದುಡದದ್ದನ್ನ ಮೂರು ವರ್ಷ ತಿಂದಿಯಲ್ಲ, ಆವಾಗ ರುಚಿ ಇತ್ತು?"

"ಜಗಳ ಆಮ್ಯಾಲೆ ಮಾಡ್ರಿ. ಉಳದದ್ದರ ಪಡಿಯಚ್ಚು ತಗೊಳ್ಳೂಣು" ಎಂದರು ಸರ್.

ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಬ್ರಶ್‌ನಿಂದ ಬಡಿದು, ಮಸಿ ಒತ್ತಿದರು. ಎರಡು ಸಾಲು ಮೂಡಿದವು. ಸರ್ ಓದಿದರು.

"ಯಾರೋ ಯಾರಿಗೋ ಹೊಲ ಕೊಟ್ಟಾರ. ಹೆಸರೆಲ್ಲ ಹೋಗ್ಯಾವು. ಇಷ್ಟರ ಮ್ಯಾಲೆ ಪಿಎಚ್.ಡಿ. ಆಗೂದಿಲ್ಲಪಾ, ಬ್ಯಾರೆ ಹುಡುಕು. ಕಲ್ಲಿಗೆ ಏನಾತು ಅನ್ನೂದನ್ನ ಮಾತ್ರ ಬರ್ಕೊ."

ಅಣ್ಣ ನೋಟ್‌ಬುಕ್ಕಿನಲ್ಲಿ ಬರೆದು ಸರ್‌ಗೆ ಓದಿದ: "ಏಳು ಸಾಲುಗಳು ಇತ್ತೀಚೆಗೆ ಯಂತ್ರದಿಂದ ಅಳಿದಿವೆ."

"ಯಂತ್ರ ತಾನ ಎದ್ದು ಬಂದಿತ್ತೇನು? ನನ್ನ ಹೆಸರು ಬರಿ" ಎಂದೆ.

ಬರೆದ, ಅಪ್ಪನ ಹೆಸರು, ಅಡ್ಡಹೆಸರು ಎಲ್ಲ ಸೇರಿಸಿ. ಒಂದೇ ಮನೆಯಲ್ಲಿದ್ದೇವೆ. ಅವತ್ತಿನಿಂದ ಅವನು ನನ್ನ ಜೊತೆ ಮಾತಾಡಿಲ್ಲ. ನಾನೂ ಆಡಿಲ್ಲ.