ಉಳಿದ ಉಲ್ಲನ್ನಿನ ಸ್ಕಾರ್ಫೂ ಮಾತು ಬಿಟ್ಟ ನಾದಿನಿಯರೂ

ಈ ಸಂಕ್ರಾಂತಿಗೆ ನಮ್ಮ ಮನೆಯಲ್ಲಿ ಜಗಳ ನಡೆದದ್ದು ಅತ್ತೆಯ ಕುತ್ತಿಗೆಯ ಮೇಲೆ. ಗಾಬರಿಯಾಗಬೇಡಿ, ಕುತ್ತಿಗೆ ಕ್ಷೇಮವಾಗಿದೆ. ಅದರ ಸುತ್ತ ನಾನು ಹೆಣೆದ ಸ್ಕಾರ್ಫ್ ಇತ್ತು, ಅಷ್ಟೆ.

ನಂಜನಗೂಡಿನಲ್ಲಿ ಉಲ್ಲನ್ ಸ್ಕಾರ್ಫಾ ಎಂದು ನಗುವವರು ಧನುರ್ಮಾಸದ ಬೆಳಗಿನ ಜಾವ ಹೊಳೆ ಕಡೆ ಒಮ್ಮೆ ಬನ್ನಿ. ಆ ಗಾಳಿಗೆ ಅತ್ತೆಗೆ ಕಿವಿನೋವು. ಮಂಕಿ ಕ್ಯಾಪ್ ತಂದುಕೊಟ್ಟರೆ, "ಯಾವ್ ಬ್ಯಾಂಕ್ ಕಾಯಕ್ ಓಗ್ಲಿ ಇದಾಕೊಂಡು?" ಎಂದು ಕೇಳಿದರು.

ಆಗ ನೆನಪಾದದ್ದು ಅಟ್ಟದ ಮೇಲಿನ ಟ್ರಂಕ್. ಮನೆಯಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಅತ್ತೆ ಕುಲಾವಿ ಹೆಣೆದಿದ್ದಾರೆ. ಮಿಕ್ಕ ಉಲ್ಲನ್ ಮಾತ್ರ ಮುಟ್ಟುವಂತಿಲ್ಲ. "ಒಂದ್ ಕೂಸಿನ್ ಎಳೆ ಇನ್ನೊಂದ್ ಕೂಸ್ಗೆ ಆಕ್ಬಾರ್ದು ಕಣವ್ವ" ಎಂಬುದು ಅವರ ಶಾಸ್ತ್ರ. (ಯಾವ ಶಾಸ್ತ್ರ ಎಂದು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.) ಮೊಮ್ಮಕ್ಕಳೆಲ್ಲ ಕಾನ್ವೆಂಟ್ ಸೇರಿದರೂ ಅವರ ಉಲ್ಲನ್ ಉಂಡೆಗಳು ನುಸಿಗುಳಿಗೆಯ ಜೊತೆ ಟ್ರಂಕಿನಲ್ಲೇ ಸಂಸಾರ ಮಾಡಿಕೊಂಡಿದ್ದವು.

"ಮುದುಕೀರ್ಗೆ ಆಕ್ಬೋದಾ?" ನಾನೂ ಅವರ ಧಾಟಿಯಲ್ಲೇ ಕೇಳಿದೆ.

"ಮುದುಕಿ ಮ್ಯಾಲೆ ಯಾರ್ ಕಣ್ ಬಿದ್ದಾತು? ಆಕು."

ಡಿಸೈನ್ ನನ್ನದೇ. ಒರಿಜಿನಲ್! ಯಾವ ಮ್ಯಾಗಜೀನಿನ ಪುಟವನ್ನೂ ನೋಡಲಿಲ್ಲ. ಹಳದಿ ಪಟ್ಟೆಯ ಪಕ್ಕ ನೇರಳೆ ಪಟ್ಟೆ ಬಂದಾಗ ಎಂಥ ಕಳೆ ಅಂತೀರಿ! ಅತ್ತೆ ಬಂದು ನೋಡಿದವರೇ ಎದೆ ಹಿಡಿದುಕೊಂಡರು.

"ಅಯ್ಯೋ, ಇದು ಉಲ್ಲಳ್ಳಿ ಅಳದಿ, ಅದು ಸೋಸಲೆ ನೇರಳೆ! ಬಿಚ್ಚವ್ವ, ಬಿಚ್ಚು!"

ಹುಲ್ಲಹಳ್ಳಿಗೆ ಕೊಟ್ಟ ರತ್ನ, ಸೋಸಲೆಗೆ ಕೊಟ್ಟ ಮಣಿ, ಇಬ್ಬರೂ ನನ್ನ ನಾದಿನಿಯರು. ಹಳದಿ ರತ್ನನ ಮಗನ ಕುಲಾವಿಯದು, ನೇರಳೆ ಮಣಿಯ ಮಗಳದು. ರತ್ನನ ಗೃಹಪ್ರವೇಶದ ವಿಡಿಯೋ ಕ್ಯಾಸೆಟ್ಟಿನಲ್ಲಿ ಮಣಿಯ ಮನೆಯವರ ಪೈಕಿ ಅವಳ ಗಂಡನ ಮೊಣಕೈ ಬಿಟ್ಟು ಬೇರೇನೂ ಬರಲಿಲ್ಲ. ಅಂದಿನಿಂದ ಅಕ್ಕತಂಗಿಯರಿಗೆ ಮಾತಿಲ್ಲ. ಒಬ್ಬಳು ಬಸ್ ಹತ್ತಿದ ಮೇಲೆಯೇ ಇನ್ನೊಬ್ಬಳು ತವರಿಗೆ ಕಾಲಿಡುವುದು. ಈ ಹಬ್ಬಕ್ಕಾದರೂ ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಬೇಕೆಂದು ಅತ್ತೆ ಎಸ್‌ಟಿಡಿ ಬೂತಿನಲ್ಲಿ ನಿಂತು, ಅತ್ತು ಕರೆದು ಒಪ್ಪಿಸಿದ್ದರು.

"ಇಬ್ರುನ್ನೂ ಅಂಟಿಸ್ಬುಟ್ಟಿದ್ದೀಯಲ್ಲವ್ವ. ನೋಡುದ್ರೆ ಊಟ ಬುಟ್ಟು ಎದ್ದೋಯ್ತಾರೆ."

ಉಲ್ಲನ್ನಿಗೂ ಮಡಿಯೇ? ಬಿಚ್ಚಿದೆ. ನಡುವೆ ಪೊಲೀಸಿನವನ ಹಾಗೆ ನನ್ನ ಮಗನ ಕಡು ಹಸಿರನ್ನು ನಿಲ್ಲಿಸಿದೆ, ಗೇಣಗಲ. ಅತ್ತೆ ನೆಮ್ಮದಿಯಿಂದ ಸುತ್ತಿಕೊಂಡರು.

ಹಬ್ಬದ ದಿನ ಇಬ್ಬರೂ ಬಂದರು. ಒಬ್ಬರಿಗೊಬ್ಬರು ಎಳ್ಳನ್ನೂ ಬೀರಿದರು, ನನ್ನ ಮೂಲಕ. ("ಅತ್ಗೆ, ಅವ್ರಿಗ್ ಎಳ್ ಬೇಕಾ ಕೇಳಿ.") ಎಲೆ ಹಾಕಿಯಾಯಿತು. ಸಿಹಿ ಪೊಂಗಲ್ ಬಡಿಸಲು ಅತ್ತೆ ಬಗ್ಗಿದರು. ಸ್ಕಾರ್ಫ್ ಜೋತುಬಿತ್ತು. ರತ್ನ ತನ್ನ ಹಳದಿಯನ್ನು ಗುರುತಿಸಿದಳು, ಮಣಿ ತನ್ನ ನೇರಳೆಯನ್ನು. ಅತ್ತೆಯ ಸೌಟು ಗಾಳಿಯಲ್ಲೇ ನಿಂತಿತು.

"ಮಧ್ಯದ್ ಅಸ್ರು ಯಾರ್ದವ್ವ?" ರತ್ನ ಕೇಳಿದಳು.

"ನಮ್ಮ ಪುಟ್ಟೂದು," ಎಂದೆ ನಾನು, ಹೆಮ್ಮೆಯಿಂದ.

ರತ್ನ ಸೀದಾ ತಂಗಿಯ ಕಡೆ ತಿರುಗಿದಳು. "ನೋಡ್ದೇನೇ ಮಣಿ? ನಮ್ ಮಕ್ಳುದು ಎರ್ಡೆರಡ್ ಬೆಟ್ಟು, ಇವ್ರ್ ಮಗಂದು ಒಂದ್ ಗೇಣು!"

"ಊಂ ಕಣಕ್ಕ. ಅವ್ವನ್ ಕತ್ತೆಲ್ಲ ಅತ್ಗೇದೇ ಆಗೋಯ್ತು. ಕೇಳೋರೇ ಇಲ್ಲ."

ಆಮೇಲೆ ಆ ಬಾಯಿಗಳು ನಿಂತವೇ? ಪೊಂಗಲ್‌ನಿಂದ ಮಜ್ಜಿಗೆಯವರೆಗೆ ಇಬ್ಬರೂ ತಲೆಗೆ ತಲೆ ಕೊಟ್ಟು ನನ್ನನ್ನು ಜಾಲಾಡಿದರು. ಡಿಸೈನ್ ಮುಗಿದು ನನ್ನ ಸಾರು, ಸಾರು ಮುಗಿದು ನನ್ನ ತವರು! ಹಸಿರು ಅಲ್ಲಿಗೆ ಯಾಕೆ ಬಂತೆಂದು ಹೇಳಲು ನಾನು ಬಾಯಿ ತೆರೆದೆ. ಅತ್ತೆ ಕೈ ಚಿವುಟಿದರು.

"ಸುಮ್ಕಿರವ್ವ," ಎಂದು ಪಿಸುಗುಟ್ಟಿದರು. ಕಣ್ಣು ತುಂಬಿತ್ತು. "ಮಾತಾಡ್ತಾವೆ. ಆಡ್ಲಿ."

ಇಬ್ಬರಿಗೂ ಇನ್ನೊಂದು ಸೌಟು ಮಜ್ಜಿಗೆ ಬಡಿಸಿದೆ. ಮನೆ ಒಂದಾಗಬೇಕಾದರೆ ಎಲ್ಲರೂ ಸೇರಿ ಬೈಯಲು ಒಬ್ಬಳು ಸೊಸೆ ಬೇಕು. ನಿಮ್ಮ ಮನೆಯಲ್ಲಿ ಆ ಪೋಸ್ಟಿನಲ್ಲಿ ಯಾರಿದ್ದಾರೆ?