ಪದ್ದಕ್ಕನ ಹೆಡ್‌ಲೈಟು

ಪದ್ದಕ್ಕನಿಗೆ ಸಿಟ್ಟು ಬಂದರೆ ಮೊದಲು ಬೈಕಿನ ಹೆಡ್‌ಲೈಟ್ ಹೊತ್ತುತ್ತಿತ್ತು, ಆಮೇಲೆ ಬಾಯಿ ತೆರೆಯುತ್ತಿತ್ತು. ನಡುಮಧ್ಯಾಹ್ನವಾದರೂ ಸರಿಯೇ. ಬೈಯಬೇಕಾದ ಮನುಷ್ಯನ ಎದುರಿಗೆ ಬೈಕು ತಂದು ನಿಲ್ಲಿಸಿ, ದೀಪವನ್ನು ನೇರ ಅವನ ಮುಖಕ್ಕೆ ಬಿಟ್ಟು, ಹ್ಯಾಂಡಲ್ ಮೇಲೆ ಎರಡೂ ಕೈ ಊರಿ ಮಾತು ಶುರುಮಾಡುತ್ತಿದ್ದಳು. "ಹೆಡ್‌ಲೈಟ್ ಎಂತಕ್ ಪದ್ದಕ್ಕ, ಹಗಲಲ್ದಾ?" ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಸುಳ್ಳ್ ಹೇಳ್ವರ್ ಮುಖ ಸಮಾ ಕಾಣ್ಕ್ ಮಾರಾಯ್ತಿ" ಎಂದಿದ್ದಳು.

ಎತ್ತಿ ಕಟ್ಟಿದ ಸೀರೆ, ಅದರ ಮೇಲೆ ಗಂಡನ ಖಾಕಿ ಅಂಗಿ, ತಲೆಗೆ ಸುತ್ತಿದ ಬೈರಾಸು, ಕಾಲಿಗೆ ರಬ್ಬರ್ ಚಪ್ಪಲಿ. ಹಿಂದಿನ ಸೀಟಿನ ಮೇಲೆ ಹಗ್ಗದಲ್ಲಿ ಬಿಗಿದ ಮೀನಿನ ಪೆಟ್ಟಿಗೆ. ಗಂಗೊಳ್ಳಿ ಬಂದರಿನಿಂದ ಬೈಂದೂರಿನ ತನಕ ಅವಳನ್ನು ಗುರುತಿಸದವರು ಇರಲಿಲ್ಲ. ಯಡ್ತರೆಯಲ್ಲಿ ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದು ದಾಸವಾಳದ ಬೇಲಿ ಮಾತ್ರ. ನಾನು ಮದುವೆಯಾಗಿ ಬಂದ ಹೊಸತು. ಜಗಲಿಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದೆ. ಬೇಲಿಯಾಚೆಯಿಂದ ಗಂಡ ಹೆಂಡಿರ ಜಗಳ ಕೇಳಿಸದ ದಿನ ಮಿಷನ್ ತುಳಿಯಲಿಕ್ಕೇ ಮನಸ್ಸು ಬರುತ್ತಿರಲಿಲ್ಲ.

ಅವಳು ಹುಟ್ಟಾ ಜಗಳಗಂಟಿ ಅಂತ ಊರವರು ಹೇಳುತ್ತಿದ್ದರು. ನಾನು ಒಪ್ಪುವುದಿಲ್ಲ. ಅವಳಿಗೆ ಸಿಟ್ಟು ಬರುವ ಹಾಗೆ ಮಾಡಿದವರು ಎಷ್ಟು ಜನ ಎಂಬುದನ್ನು ಊರು ಮರೆತಿದೆ.

ಅವಳ ಗಂಡ ಶೀನಣ್ಣ ಗಂಗೊಳ್ಳಿಯಲ್ಲಿ ಬೋಟುಗಳ ಕರೆಂಟಿನ ಕೆಲಸ ಮಾಡುತ್ತಿದ್ದವನು. ಒಂದು ದಿನ ಬೋಟಿನ ಮೇಲ್ಗಡೆ ದೀಪ ಕಟ್ಟುತ್ತಿದ್ದಾಗ ಮೆಟ್ಟಿದ ಹಲಗೆ ಮುರಿದು, ತಲೆಕೆಳಗಾಗಿ ಮೀನು ತುಂಬುವ ಗುಂಡಿಗೆ ಬಿದ್ದ. ಕುತ್ತಿಗೆಗೆ ಬಿದ್ದ ಪೆಟ್ಟಿನಿಂದ ಕೈಕಾಲುಗಳ ಶಕ್ತಿ ಹೋಯಿತು. ಮಾತು ಮಾತ್ರ ಉಳಿಯಿತು. ಹಲಗೆಯನ್ನು ಗೆದ್ದಲು ತಿಂದದ್ದು ಬೋಟಿನ ಯಜಮಾನನಿಗೆ ಮೊದಲೇ ಗೊತ್ತಿತ್ತು. ಆ ಮಹಾನುಭಾವ ಆಸ್ಪತ್ರೆಗೆ ಒಮ್ಮೆ ಮುಸುಂಬಿ ಹಿಡಿದುಕೊಂಡು ಬಂದು, "ದೇವ್ರಿದ್ದ" ಎಂದು ಹೇಳಿ ಹೋದವನು ಮತ್ತೆ ಆ ದಾರಿಗೆ ತಲೆ ಹಾಕಲಿಲ್ಲ.

ಪದ್ದಕ್ಕ ಬುಟ್ಟಿ ಹೊತ್ತಳು. ಬೆಳಗಿನ ಮೊದಲ ಬಸ್ಸಿಗೆ ಬಂದರಿಗೆ ಹೋಗುವುದು, ಮೀನು ತುಂಬಿಕೊಂಡು ತಿರುಗಿ ಬಸ್ಸು ಹಿಡಿಯುವುದು. ಹೋಗುವಾಗ ಹತ್ತಿಸಿಕೊಂಡ ಕಂಡಕ್ಟರೇ ಬರುವಾಗ ಮೂಗು ಮುಚ್ಚುತ್ತಿದ್ದ. ಒಂದು ದಿನ ತ್ರಾಸಿಯಲ್ಲಿ ಬಸ್ಸು ನಿಲ್ಲಿಸಿಯೇ ಬಿಟ್ಟ.

"ಹ್ವಾಯ್, ಬುಟ್ಟಿ ಇಳ್ಸ್. ಬಸ್ಸೆಲ್ಲಾ ನಾತ."

"ನಿನ್ ಮನ್ಯಗೆ ಮೀನ್ ತಿಂಬುದಿಲ್ಯಾ? ತಿಂಬತಿಗೆ ನಾತ ಇಲ್ಲೆ, ಹೊತ್ಕಂಡ್ ಬಪ್ಪತಿಗೆ ನಾತವಾ?"

ಬಸ್ಸಿನಲ್ಲಿದ್ದವರು ನಕ್ಕರು, ಬುಟ್ಟಿ ಇಳಿಯಿತು. ಸುಡುವ ಬಿಸಿಲಿಗೆ ಬಂಗುಡೆಯೆಲ್ಲ ಹಾಳಾಯಿತು. ಆ ಸಂಜೆ ಮನೆಗೆ ಬಂದವಳೇ ಕೊಟ್ಟಿಗೆಯಲ್ಲಿ ತೆಂಗಿನ ಮಡಲಿನಡಿ ಮುಚ್ಚಿಟ್ಟಿದ್ದ ಗಂಡನ ಹಳೆಯ ಬೈಕನ್ನು ಹೊರಗೆಳೆದಳು. ಕೊಯ್ಲಾದ ಗದ್ದೆಯಲ್ಲಿ ಬಿದ್ದೂ ಎದ್ದೂ ಓಡಿಸಲು ಕಲಿತಳು. ಕುಂದಾಪುರಕ್ಕೆ ಹೋಗಿ ಲೈಸೆನ್ಸನ್ನೂ ಮಾಡಿಸಿಕೊಂಡಳು. ಹೆಂಗಸು ಬೈಕು ಬಿಟ್ಟರೆ ಮಳೆ ಬರುವುದಿಲ್ಲ ಎಂದ ಹಿರಿಯರೊಬ್ಬರ ಅಂಗಳದಲ್ಲೇ ಮೂರು ಸುತ್ತು ಹೊಡೆದು ಬಂದಳು. ಆ ವರ್ಷ ನೆರೆ ಬಂತು.

ತೊಂದರೆ ಬಂದದ್ದು ಬೆಳಕಿನದ್ದು. ಆರು ವೋಲ್ಟಿನ ಹಳೆಯ ಬೈಕು. ವೇಗ ಇದ್ದರೆ ಮಾತ್ರ ಬೆಳಕು; ತಿರುವಿನಲ್ಲಿ ನಿಧಾನ ಮಾಡಿದರೆ ದೀಪ ಕೆಂಡದ ಹಾಗೆ ಕೆಂಪಾಗುತ್ತಿತ್ತು. ಬೆಳಕು ಎಲ್ಲಿ ಬೇಕೋ ಅಲ್ಲೇ ಇಲ್ಲ. ಮಬ್ಬುಗತ್ತಲೆಯಲ್ಲಿ ಬಂದರಿಗೆ ಹೋಗುವಾಗ ರಸ್ತೆ ಬದಿಯ ಜಲ್ಲಿರಾಶಿಗೆ ನುಗ್ಗಿ ಮೊಣಕಾಲು ತರಚಿಕೊಂಡಳು. ಪೇಟೆಯ ಗ್ಯಾರೇಜಿಗೆ ಹೋಗಿ, ದೊಡ್ಡ ದೀಪ ಹಾಕಿಕೊಡು ಎಂದರೆ ಮೆಕ್ಯಾನಿಕ್ ಅವಳ ಮುಖವನ್ನೂ ನೋಡಲಿಲ್ಲ.

"ಗಂಡನ್ ಹತ್ರ ಬಪ್ಪುಕ್ ಹೇಳಿ. ಹೆಂಗ್ಸ್ರಿಗೆ ಇದನ್ನೆಲ್ಲ ಹೇಳಿರ್ ಗೊತ್ತಾತಿಲ್ಲೆ."

"ನನ್ ಗಂಡಂಗ್ ಬಪ್ಪುಕ್ ಆಪಂಗಿದ್ರ್ ನಾ ಎಂತಕೆ ನಿನ್ ಮುಖ ಕಾಂಬುಕ್ ಬತ್ತಿದ್ದೆ?"

ಬೈಕು ತಿರುಗಿಸಿಕೊಂಡು ಬಂದಳು. ಮರುದಿನ ಮೀನು ಮಾರಿಯಾದ ಮೇಲೆ ಗುಜರಿ ಅಂಗಡಿಯಿಂದ ಲಾರಿಯ ಎರಡು ಹಳದಿ ದೀಪ, ದೊಡ್ಡದೊಂದು ಹೆಡ್‌ಲೈಟು, ವಯರಿನ ಸುರುಳಿ ತಂದು ಅಂಗಳದಲ್ಲಿ ಗೋಣಿ ಹಾಸಿ ಹರವಿದಳು. ಶೀನಣ್ಣನ ಮಂಚವನ್ನು ಜಗಲಿಯ ತುದಿಗೆ ಎಳೆದು, ತಲೆಯಡಿಗೆ ಎರಡು ದಿಂಬು ಕೊಟ್ಟು, "ಹ್ವಾಯ್, ಈಗ ಹೇಳಿ, ಮೊದ್ಲ್ ಎಂತ ಬಿಚ್ಚುದ್?" ಎಂದಳು.

ಅಷ್ಟು ದಿನ ಮಾಡಿನ ಹಂಚು ನೋಡುತ್ತ ಮಲಗಿದ್ದ ಶೀನಣ್ಣ ಬೈಯಲಿಕ್ಕೆ ಶುರುಮಾಡಿದ. ಎಂಜಿನ್ನಿನೊಳಗೆ ಕರೆಂಟು ಹುಟ್ಟಿಸುವ ಕಾಯಿಲನ್ನು ಹನ್ನೆರಡು ವೋಲ್ಟಿಗೆ ಹೊಸದಾಗಿ ಸುತ್ತಿಸಿಕೊಂಡು ಬರಬೇಕೆಂದ. ತಂದಳು. ದೊಡ್ಡ ಬ್ಯಾಟರಿ ಬೇಕೆಂದ. ಅದನ್ನೂ ತಂದಳು.

"ದಪ್ಪದ್ ವಯರ್ ಹಿಡ್ಕೊ ಅಂದ್ರೆ ಸಪೂರದ್ ಹಿಡ್ಕಂಡಿದ್ಯಲೆ."

"ದಪ್ಪದ್ದೇ ಇದ್."

"ನಿನ್ ಕಣ್ಣಿಗೆಂತ ಆಯ್ತ್?"

"ನನ್ ಕಣ್ ಸಮಾ ಇತ್ತ್. ನಿಮ್ ಬಾಯ್ ಒಂಚೂರ್ ನಿಧಾನ ಆಡ್ಲಿ."

ವಯರಿನ ಮೇಲಿನ ಪ್ಲಾಸ್ಟಿಕ್ಕನ್ನು ಅವಳು ಹಲ್ಲಿನಲ್ಲೇ ಕಚ್ಚಿ ಸುಲಿಯುತ್ತಿದ್ದಳು. ಮೀನಿನ ಉಪ್ಪುನೀರು ಬಿದ್ದರೆ ವಯರಿನ ಗಂಟುಗಳಿಗೆ ಕಿಲುಬು ಹಿಡಿಯುತ್ತದೆ ಎಂದು ಶೀನಣ್ಣ ಹೇಳಿದ್ದರಿಂದ ನನ್ನನ್ನು ಕರೆದಳು. ನಾನು ರೆಕ್ಸಿನ್ನಿನಲ್ಲಿ ಉದ್ದದ ಚೀಲ ಹೊಲಿದು ಕೊಟ್ಟೆ. ಅದರೊಳಗೆ ವಯರುಗಳನ್ನೆಲ್ಲ ತೂರಿಸಿ ಟ್ಯಾಂಕಿನ ಕೆಳಗಿನಿಂದ ಎಳೆದಳು.

ಕೊನೆಯ ದಿನ ದೀಪ ನೋಡುವ ಆತುರ ಅವಳಿಗೆ. ಫ್ಯೂಸ್ ಹಾಕದೆ ಬ್ಯಾಟರಿ ಮುಟ್ಟಬೇಡ ಎಂದು ಶೀನಣ್ಣ ಹೇಳುತ್ತಲೇ ಇದ್ದ. "ಒಂದ್ಸಲ ಕಾಂಬ" ಎಂದು ವಯರನ್ನು ಬ್ಯಾಟರಿಗೆ ತಾಗಿಸಿದಳು. ಎಲ್ಲೋ ಒಂದು ಕಡೆ ವಯರು ಕಬ್ಬಿಣಕ್ಕೆ ತಾಗುತ್ತಿತ್ತೆಂದು ಕಾಣುತ್ತದೆ; ಟ್ಯಾಂಕಿನಡಿಯಿಂದ ಭುಸ್ಸೆಂದು ಹೊಗೆ ಎದ್ದಿತು. ಅವಳು ಬರಿಗೈಯಲ್ಲಿ ವಯರು ಕಿತ್ತೆಸೆದಳು. ಅಂಗೈಯ ಚರ್ಮ ಸುಟ್ಟುಹೋಯಿತು. ನಾನು ನೀರು ತರಲು ಓಡಿದೆ. ತಿರುಗಿ ಬರುವಾಗ ಶೀನಣ್ಣ ಬೊಬ್ಬೆ ಹಾಕುತ್ತಿದ್ದ.

"ಟ್ಯಾಂಕಿಗ್ ಬೆಂಕಿ ಹಿಡ್ದಿರ್ ಎಂತ ಮಾಡ್ತಿದ್ದೆ? ನಿನ್ನ ಎಳುಕ್ ನಂಗ್ ಕೈ ಇತ್ತಾ? ಹೇಳೇ, ಕೈ ಇತ್ತಾ ನಂಗೆ?"

ಪದ್ದಕ್ಕ ಬಾಯಿ ಮುಚ್ಚಿದ್ದನ್ನು ನಾನು ನೋಡಿದ್ದು ಆವತ್ತೊಂದೇ ದಿನ. ಸುಟ್ಟ ಕೈಯನ್ನು ನೀರಿನಲ್ಲಿ ಅದ್ದಿಕೊಂಡು ಬಹಳ ಹೊತ್ತು ಮಂಚದ ಕಾಲಿಗೆ ಒರಗಿ ಕುಳಿತಿದ್ದಳು. ಸುಟ್ಟ ವಯರು ಬದಲಿಸಿ, ಫ್ಯೂಸ್ ಹಾಕಿ, ಅವನ ಅಪ್ಪಣೆ ಕೇಳಿ ಸ್ವಿಚ್ಚು ಒತ್ತಿದಾಗ ಇಡೀ ಅಂಗಳ, ಬೇಲಿ, ನಮ್ಮ ಬಾವಿಕಟ್ಟೆ ಎಲ್ಲ ಬೆಳ್ಳಗೆ ಹೊಳೆಯಿತು. ಎಂಜಿನ್ ನಿಧಾನವಾದರೂ ಬೆಳಕು ಕುಗ್ಗಲಿಲ್ಲ. ಶೀನಣ್ಣ ಒಂದು ಗಳಿಗೆ ನೋಡಿ, "ಎಡಕ್ಕ್ ವಾಲಿತ್. ಸಮಾ ಮಾಡ್" ಎಂದ. ಅವನ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು. ಒರೆಸಿಕೊಳ್ಳಲು ಅವನಿಗೆ ಆಗುತ್ತಿರಲಿಲ್ಲ. ಪದ್ದಕ್ಕ ಸೆರಗಿನಿಂದ ಒರೆಸಿ ದೀಪ ಸರಿಮಾಡಲು ಹೋದಳು.

ಮೀನಿನ ಪೆಟ್ಟಿಗೆ ಹಿಂದಿನ ಕೆಂಪು ದೀಪವನ್ನು ಮುಚ್ಚುತ್ತದೆಂದು ಪೆಟ್ಟಿಗೆಗೇ ಇನ್ನೊಂದು ಕೆಂಪು ದೀಪ ಕಟ್ಟಿದಳು. ಗಾಡಿ ಕೆಟ್ಟು ನಿಂತರೆ ಇರಲಿ ಎಂದು ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿಣುಕುವ ಸ್ವಿಚ್ಚನ್ನೂ ಹಾಕಿದಳು.

ಅದು ಬಂದರಿನ ಕೆಲವರ ಕಣ್ಣು ಕುಕ್ಕಿತು. ಟೆಂಪೋದಲ್ಲಿ ಮೀನು ಸಾಗಿಸುವವರಿಗಿಂತ ಮೊದಲು ಇವಳು ಬೈಂದೂರು ಮುಟ್ಟುತ್ತಿದ್ದಳಲ್ಲ. ಒಂದು ದಿನ ಮೀನಿನ ಏಲಂ ಮುಗಿಸಿ ಬಂದು ನೋಡಿದರೆ ಯಾರೋ ಕತ್ತಿಯಿಂದ ವಯರುಗಳನ್ನೆಲ್ಲ ಕೊಯ್ದು ಹಾಕಿದ್ದರು. ನಾನು ಆವತ್ತು ಗಂಗೊಳ್ಳಿಯ ನನ್ನ ತಂಗಿಯ ಮನೆಗೆ ಹೋಗಿದ್ದವಳು, ಪದ್ದಕ್ಕನೊಟ್ಟಿಗೆ ಮನೆಗೆ ಬರೋಣವೆಂದು ಆಗಷ್ಟೇ ಬಂದರಿಗೆ ಬಂದಿದ್ದೆ. ಟೆಂಪೋದವರು ಬೀಡಿ ಸೇದುತ್ತ ಬೇರೆಲ್ಲೋ ನೋಡುತ್ತಿದ್ದರು. ಪದ್ದಕ್ಕ ಅವರ ನಡುವೆಯೇ ನೆಲದ ಮೇಲೆ ಕುಳಿತು, ಒಂದೊಂದೇ ವಯರು ಹಲ್ಲಿನಲ್ಲಿ ಸುಲಿದು, ತಿರುಚಿ ಗಂಟು ಹಾಕಿ ಟೇಪು ಸುತ್ತಿದಳು. ಎದ್ದು ನಿಂತು ಸೀರೆ ಕೊಡವಿ ಹೇಳಿದಳು:

"ಧೈರ್ಯ ಇದ್ದವ ನನ್ ಕೈ ಕಡೀಲಿ. ವಯರ್ ಎಂತ ಮಾಡಿತ್ ನಿಮ್ಗೆ? ಬೆಳ್ಕ್ ಹಾಕ್ಕಂಡ್ ಹೋಪುದ್ ತಪ್ಪಾ?"

ಬೈಕು ಚಾಲೂ ಮಾಡಿದಳು. ನಾನು ಹಿಂದೆ ಪೆಟ್ಟಿಗೆಗೆ ಅಂಟಿಕೊಂಡು ಕುಳಿತು ಮನೆಗೆ ಬಂದೆ.

ಅವಳ ದೊಡ್ಡ ಜಗಳ ನಡೆದದ್ದು ಹೆದ್ದಾರಿ ಅಗಲ ಮಾಡುವ ಕೆಲಸ ಶುರುವಾದ ಮೇಲೆ. ನಮ್ಮೂರಿನ ಹತ್ತಿರ ಮೋರಿಗೆಂದು ರಸ್ತೆಯನ್ನು ಅರ್ಧ ಕಡಿದು ಹಾಗೆಯೇ ಬಿಟ್ಟರು. ಒಂದು ದೀಪವಿಲ್ಲ, ಅಡ್ಡ ಹಗ್ಗವಿಲ್ಲ, ಕಲ್ಲು ಸಹ ಇಲ್ಲ. ಸೈಕಲ್ಲಿನಲ್ಲಿ ಮನೆ ಮನೆಗೆ ಹಾಲು ಹಾಕುತ್ತಿದ್ದ ರಾಮಣ್ಣ ಬೆಳಗಿನ ಮಬ್ಬಿನಲ್ಲಿ ಅದಕ್ಕೆ ಬಿದ್ದು ಸತ್ತ. ಸತ್ತವನನ್ನು ಮೇಲೆತ್ತುವ ಮೊದಲೇ ಕೆಲಸದ ಸೂಪರ್‌ವೈಸರ್, ಅವನು ಕುಡಿದಿದ್ದ ಎಂದು ಹೇಳಿಯಾಗಿತ್ತು. ಕೆಲವರು ತಲೆಯಾಡಿಸಿದರು. ಎಷ್ಟು ಸುಲಭ ನೋಡಿ! ಸತ್ತವನು ಬಂದು ಬಾಯಿ ಮೂಸಿ ನೋಡಿ ಎನ್ನುವುದಿಲ್ಲವಲ್ಲ.

ಆ ಸಂಜೆ ಹೊತ್ತು ಕಂತುವಾಗ ಪದ್ದಕ್ಕ ಗುಂಡಿಯ ಮುಂದೆ ಬೈಕು ಅಡ್ಡ ನಿಲ್ಲಿಸಿ, ಇದ್ದಬದ್ದ ದೀಪಗಳನ್ನೆಲ್ಲ ಹೊತ್ತಿಸಿ, ಪಕ್ಕದಲ್ಲಿ ಕುಳಿತಳು. ಬಸ್ಸು ಲಾರಿಗಳೆಲ್ಲ ನಿಧಾನ ಮಾಡಿ ಒಂದೊಂದೇ ಸುತ್ತಿ ಹೋಗಬೇಕಾಯಿತು, ಸಾಲು ಉದ್ದವಾಯಿತು. ಪೊಲೀಸ್ ಜೀಪು ಬಂತು. ಬಂದ ಸಾಹೇಬರು ಗುಂಡಿಯನ್ನು ನೋಡಲಿಲ್ಲ, ಬೈಕನ್ನು ನೋಡಿದರು.

"ಏನಮ್ಮ ಇದು, ಗಾಡೀನಾ ಮದುವೆ ಚಪ್ಪರಾನಾ? ಕಂಪನಿಯವರು ಕೊಟ್ಟಿದ್ದು ಬಿಟ್ಟು ಬೇರೆ ಲೈಟ್ ಹಾಕಂಗಿಲ್ಲ, ಗೊತ್ತಾ?"

"ನಾ ಮೀನ್ ಪೆಟ್ಟಿ ಕಟ್ತೆ ಅಂದೇಳಿ ಕಂಪ್ನಿಯವ್ರಿಗ್ ಗೊತ್ತಿತ್ತಾ ಸಾರ್?"

"ಬಿಚ್ರೀ ಅದನ್ನ" ಎಂದು ಅವರು ಪೇದೆಗೆ ಹೇಳಿದರು.

ಪೇದೆ ಬೈಕಿಗೆ ಹಾಕಿದ್ದ ಲಾರಿಯ ಎರಡು ಹಳದಿ ದೀಪಗಳನ್ನೂ ಪೆಟ್ಟಿಗೆಯ ಕೆಂಪು ದೀಪವನ್ನೂ ಕಿತ್ತು ಜೀಪಿನೊಳಗೆ ಹಾಕಿದ. ಪದ್ದಕ್ಕ ಜೀಪಿನ ಹಿಂದೆಯೇ ಹೋಗಿ ಕೇಳಿದ್ದು ದೂರ ನಿಂತಿದ್ದ ನನಗೂ ಕೇಳಿಸಿತು: "ಗುಂಡಿಗೊಂದ್ ಬೆಳ್ಕ್ ಹಾಕ್ಸುಕ್ ನಿಮ್ಗ್ ಪುರ್ಸೊತ್ತಿಲ್ಲೆ. ನನ್ ಬೆಳ್ಕ್ ಬಿಚ್ಚುಕ್ ಇತ್ತಾ ಸಾರ್?"

ಜೀಪು ಹೋಯಿತು. ಗುಂಡಿ ಅಲ್ಲೇ ಇತ್ತು. ಆವತ್ತು ನನ್ನ ಮೈಯೆಲ್ಲ ಉರಿದದ್ದು ಇದನ್ನು ಬರೆಯುವಾಗಲೂ ಆರಿಲ್ಲ.

ಮರುದಿನ ನಾನು, ರಾಮಣ್ಣನ ಹೆಂಡತಿ, ಕೇರಿಯ ಇನ್ನಷ್ಟು ಹೆಂಗಸರು ಅವಳೊಟ್ಟಿಗೆ ಸ್ಟೇಷನ್ನಿನ ಮೆಟ್ಟಿಲ ಮೇಲೆ ಕುಳಿತೆವು. ಮಧ್ಯಾಹ್ನದ ಮೇಲೆ ದೀಪಗಳು ತಿರುಗಿ ಸಿಕ್ಕವು, ಒಂದರ ಗಾಜು ಒಡೆದಿತ್ತು. ಗುಂಡಿಯ ಸುತ್ತ ಡ್ರಮ್ಮು ಇಟ್ಟು ಕೆಂಪು ದೀಪ ಕಟ್ಟಿಸುತ್ತೇವೆಂದರು, ಕಟ್ಟಿಸಿದರು. ನಾವೆಲ್ಲ ಗೆದ್ದೆವೆಂದು ಮನೆಗೆ ಹೊರಟರೆ ಪದ್ದಕ್ಕ ಮಾತ್ರ, "ಕುಡ್ದಿದ್ದ ಅಂದ್ರಲೆ, ಅದ್ಕೆಂತ?" ಎಂದು ರಾಮಣ್ಣನ ಹೆಂಡತಿಯನ್ನು ಬೈಕಿನ ಮೇಲೆ ಕೂರಿಸಿಕೊಂಡು ಸೂಪರ್‌ವೈಸರನ ಶೆಡ್ಡಿಗೆ ಹೊರಟಳು. ನಾವು ಹಿಂದಿನಿಂದ ನಡೆದು ಮುಟ್ಟುವಷ್ಟರಲ್ಲಿ, ಊಟಕ್ಕೆ ಕುಳಿತಿದ್ದ ಅವನ ಮುಖಕ್ಕೆ ಹೆಡ್‌ಲೈಟ್ ಬಿದ್ದಾಗಿತ್ತು.

"ಯಾರೋ ಹೇಳಿದ್ರು, ಅದಕ್ಕೆ ಹೇಳಿದೆ" ಎಂದ ಅವನು.

"ಯಾರ್? ಕರಿ ಅವ್ರನ್ನ."

ಅವನಿಗೆ ಕರೆಯಲು ಯಾರೂ ಇರಲಿಲ್ಲ. ಕೆಲಸದವರೆಲ್ಲ ಗುದ್ದಲಿ ಬಿಟ್ಟು ನೋಡುತ್ತಿದ್ದರು. ಆಗ ರಾಮಣ್ಣನ ಹೆಂಡತಿ ಮೆಲ್ಲಗೆ, "ಅವ್ರ್ ಚಾ ಸಹ ಕುಡೀತಿರ್ಲಿಲ್ಲೆ" ಎಂದಳು. ಸೂಪರ್‌ವೈಸರ್ ಕೈ ತೊಳೆದು ಎದ್ದು, ತಲೆ ತಗ್ಗಿಸಿ, "ಗೊತ್ತಿಲ್ಲದೆ ಹೇಳಿದೆ, ತಪ್ಪಾಯಿತು" ಎಂದ. ಪದ್ದಕ್ಕ ಲೈಟು ಆರಿಸಿದಳು.

ಶೀನಣ್ಣ ತೀರಿಕೊಂಡ ಮೇಲೆ ಅವಳು ಹೆಚ್ಚು ದಿನ ಯಡ್ತರೆಯಲ್ಲಿ ನಿಲ್ಲಲಿಲ್ಲ. ಬೈಯುವವರಿಲ್ಲದೆ ಕೆಲಸ ಓಡುವುದಿಲ್ಲ ಎನ್ನುತ್ತಿದ್ದಳು. ಹಂಗಾರಕಟ್ಟೆಯಲ್ಲಿ ಅವಳ ತಮ್ಮ ಬೋಟು ಕಟ್ಟುವ ಕೆಲಸದಲ್ಲಿದ್ದ, ಅವನ ಮನೆಗೆ ಹೋದಳು. ನಾನು ಕೊನೆಯ ಸಲ ನೋಡಲು ಹೋದಾಗ ಹೊಳೆಯ ದಡದಲ್ಲಿ ಅರ್ಧ ಕಟ್ಟಿದ ಬೋಟಿನ ಅಡಿಯಲ್ಲಿ ನಿಂತು, ಹಲಗೆಗಳನ್ನು ಒಂದೊಂದಾಗಿ ಬೆರಳಿನಲ್ಲಿ ಬಡಿದು, ಕೆಟ್ಟದ್ದೊಂದನ್ನು ಬದಲಿಸಬೇಕೆಂದು ತಮ್ಮನೊಡನೆ ವಾದಿಸುತ್ತಿದ್ದಳು. ತುಂಬಾ ಸೊರಗಿದ್ದಳು. "ಎಂತ ಆಯ್ತ್ ಪದ್ದಕ್ಕ?" ಎಂದರೆ, "ಎಂತದೂ ಇಲ್ಲೆ, ಡಾಕ್ಟ್ರ್ ಎಂತೆಂತದೋ ಹೇಳ್ತ್ರ್. ನೀ ಊಟ ಮಾಡ್ಕಂಡ್ ಹೋಯ್ಕ್" ಎಂದಳು. ಹಲಗೆ ಬದಲಿಸುವ ತನಕ ತಾನೂ ಊಟಕ್ಕೆ ಏಳಲಿಲ್ಲ, ನನ್ನನ್ನೂ ಏಳಲು ಬಿಡಲಿಲ್ಲ.

ಆ ಮಳೆಗಾಲ ಕಳೆಯುವ ಮೊದಲೇ ಹೋದಳು.

ಬೊಜ್ಜದ ದಿನ, ಉತ್ತರಕ್ರಿಯೆಯ ಊಟಕ್ಕೆ ಹಂಗಾರಕಟ್ಟೆಯ ಮನೆಯಂಗಳದಲ್ಲಿ ಎಲೆ ಹಾಕಿದ್ದರು. ನಮ್ಮೂರಿನಿಂದಲೂ ನಾಲ್ಕೈದು ಜನ ಬಂದಿದ್ದರು. ನನ್ನ ಎದುರಿನ ಸಾಲಿನಲ್ಲಿ ಕುಳಿತಿದ್ದ ನಮ್ಮೂರಿನ ದೊಡ್ಡ ಮನುಷ್ಯರೊಬ್ಬರು ಸಾರು ಕಲಸುತ್ತ ಪಕ್ಕದವರಿಗೆ ಹೇಳಿದರು: "ಬಾಯಿ ಜೋರ್ ಹೆಂಗ್ಸ್ ಮಾರಾಯ್ರೆ. ಆದ್ರೂ ಒಳ್ಳೆಯವ್ಳ್."

ನಾನು ಯಾವತ್ತೂ ಹತ್ತು ಜನರೆದುರು ಧ್ವನಿ ಎತ್ತಿದವಳಲ್ಲ.

"'ಆದ್ರೂ' ಅಂಬ್ದ್ ಎಂತಕೆ?" ಎಂದು ಕೇಳಿದೆ.

ಸಾಲಿನ ತುದಿಯ ತನಕ ಕೇಳಿಸಿರಬೇಕು, ಬಡಿಸುವವನು ಸೌಟು ಹಿಡಿದು ನಿಂತ. ಆ ದೊಡ್ಡ ಮನುಷ್ಯರು ಕೈಯನ್ನು ಎಲೆಯ ಮೇಲಿಟ್ಟು ನನ್ನನ್ನೇ ನೋಡಿದರು. ನಾನೂ ಕಣ್ಣು ತಗ್ಗಿಸದೆ, ಉತ್ತರಕ್ಕೆ ಕಾಯುತ್ತ ಕುಳಿತೆ.